ನುಚ್ಚು ಬೇಯುವಷ್ಟು ಹೊತ್ತು

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅದರಲ್ಲಿ ಕರಿಬಸವಜ್ಜ ಎಂಬ ಗುರು. ಅಜ್ಜ ದೊಡ್ಡ ಜ್ಞಾನಿ ಎಂದು ದೂರದವರು ಹೇಳುತ್ತಿದ್ದರು. ಮಹಾ ಸಿಡುಕ ಎಂದು ಹತ್ತಿರದವರು ಹೇಳುತ್ತಿದ್ದರು. ಇಬ್ಬರೂ ಸುಳ್ಳು ಹೇಳುವ ಜನ ಅಲ್ಲ.

ಒಂದು ಮಧ್ಯಾಹ್ನ ಮಠದ ಅಂಗಳಕ್ಕೆ ಮೋಟರ್‌ಸೈಕಲ್ ಬಂದು ನಿಂತಿತು. ಇಳಿದವನು ಇಂದುಧರ, ಅಜ್ಜನ ಹಳೆಯ ಶಿಷ್ಯ. ಹುಡುಗನಿದ್ದಾಗ ಇದೇ ಮಠದಲ್ಲಿ ಡೋಲಕಿ ಕಲಿತವನು. ಈಗ ಹುಬ್ಬಳ್ಳಿಯ ಒಂದು ರಾಕ್ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ. ಬ್ಯಾಂಡಿನ ಹೆಸರು ಕೆಂಗಾಳಿ.

ಬಂದವನೇ ಅಜ್ಜನ ಕಾಲಿಗೆ ಬಿದ್ದ. ಏಳುವ ಮೊದಲೇ ಮಾತು ಶುರು ಮಾಡಿದ.

“ಅಜ್ಜಾರ, ಫಕೀರೇಶಗ ಒಂದು ಫೋನ್ ಮಾಡ್ರಿ.”

“ಮೊದ್ಲ ಏಳು,” ಎಂದರು ಅಜ್ಜ. “ನೆಲದ ಕೂಡ ಮಾತಾಡಿದ್ರ ನನಗ ಕೇಳಂಗಿಲ್ಲ.”

ಗುರುವಿನ ಬಳಿ ಶಿಷ್ಯರು ಪ್ರಶ್ನೆ ಹೊತ್ತು ಬರುತ್ತಾರೆ ಎಂದು ನಾವೆಲ್ಲ ಓದಿದ್ದೇವೆ. ಬಹಳ ಜನ ಉತ್ತರ ಹೊತ್ತೇ ಬಂದಿರುತ್ತಾರೆ. ಗುರು ಅದಕ್ಕೆ ಹೂಂ ಅನ್ನಬೇಕು, ಅಷ್ಟೇ.

ಫಕೀರೇಶನೂ ಅಜ್ಜನ ಶಿಷ್ಯನೇ. ಇಬ್ಬರೂ ಒಂದೇ ಬೇಸಿಗೆ ರಜೆಯಲ್ಲಿ ಮಠಕ್ಕೆ ಬಂದವರು. ಒಬ್ಬ ಡೋಲಕಿ ಹಿಡಿದ, ಇನ್ನೊಬ್ಬ ಏಕತಾರಿ ಹಿಡಿದ. ಮುಂದೆ ಡೋಲಕಿಯವನು ಡ್ರಮ್ಮಿಗೆ ಹೋದ, ಏಕತಾರಿಯವನು ಗಿಟಾರಿಗೆ ಹೋದ. ಹನ್ನೊಂದು ವರ್ಷದ ಹಿಂದೆ ಇಬ್ಬರೂ ಕೂಡಿ, ಇನ್ನಿಬ್ಬರನ್ನು ಸೇರಿಸಿಕೊಂಡು ಬ್ಯಾಂಡ್ ಕಟ್ಟಿದ್ದರು.

“ಬ್ಯಾಂಡ್ ಒಡೀತೈತಿ ಅಜ್ಜಾರ,” ಎಂದ ಇಂದುಧರ. “ಎಲ್ಲಾರೂ ಕೂಡಿ ಮಾತಾಡೀವಿ. ಈಗ ಮಾಡಾಕತ್ತಿದ್ದು ಕಡೀ ಆಲ್ಬಮ್. ಇದು ಮುಗದ ಮ್ಯಾಲೆ ಯಾರ ದಾರಿ ಅವರಿಗೆ.”

“ಹಂಗಾದ್ರ ಮುಗಸ್ರಿ.”

“ಅದ ಆಗವಲ್ದು! ಫಕೀರೇಶ ತಡಾ ಮಾಡ್ತಾನ.”

“ಸ್ಟುಡಿಯೋಕ್ಕ ಹೊತ್ತಿಗೆ ಸರಿಯಾಗಿ ಬರಂಗಿಲ್ಲೇನು?”

“ಬರೂದು ಎಲ್ಲಾರಕಿಂತ ಮೊದ್ಲ ಬರ್ತಾನ. ಬಾರಸೂದು ತಡಾ. ನಾ ಡ್ರಮ್ಮಿಗೆ ಹೊಡದ ಮ್ಯಾಲೆ ಆಂವ ತಂತಿ ಮೀಟ್ತಾನ.”

“ಎಷ್ಟ್ ಹೊತ್ತಿನ ಮ್ಯಾಲೆ?”

ಇಂದುಧರ ಸ್ವಲ್ಪ ಯೋಚಿಸಿದ.

“ಕಣ್ಣ ಪಿಳಕಿಸ್ತೀವಲ್ಲರಿ, ಅದರಾಗ ಅರ್ಧ.”

ಅಜ್ಜ ಮೋಟರ್‌ಸೈಕಲ್ಲನ್ನು ನೋಡಿದರು. ಅದರ ಮೇಲಿನ ಧೂಳು ನೋಡಿದರು.

“ಅರ್ಧ ಪಿಳಕಿನ ಸಲುವಾಗಿ ಅರವತ್ತು ಕಿಲೋಮೀಟರ್ ಗಾಡಿ ಹೊಡಕೊಂಡು ಬಂದಿ?”

“ನಿಮಗ ತಿಳಿಯಂಗಿಲ್ಲ ಅಜ್ಜಾರ. ತೋರಸ್ತೀನಿ ತಡೀರಿ.”

ಅವನು ಲ್ಯಾಪ್‌ಟಾಪ್ ತೆರೆದ. ಪರದೆಯ ತುಂಬ ಸಾಲಾಗಿ ನೆಟ್ಟನೆಯ ಗೆರೆಗಳು. ಪೆಟ್ಟು ಎಲ್ಲಿ ಬೀಳಬೇಕೋ ಅಲ್ಲೊಂದು ಗೆರೆ.

“ಇವು ಗೆರಿ. ಇವು ಅವನ ಸ್ವರ. ಒಂದರ ಗೆರಿ ಮ್ಯಾಲೆ ಬೀಳ್ತಿತ್ತೇನು? ಇಲ್ಲ. ಎಲ್ಲಾ ಗೆರಿ ದಾಟಿ ಬೀಳ್ತಿದ್ವು. ಮೂವತ್ತು ದಿವಸ ಕುಂತೀನಿ ಅಜ್ಜಾರ. ಒಂದೊಂದ ಸ್ವರ ಹಿಡದು, ಎಳದು, ಗೆರಿಗೆ ಹಚ್ಚೀನಿ. ಹತ್ತೂ ಹಾಡು.”

“ಅವಗ ಹೇಳಿ ಮಾಡಿದೇನು?”

“ಇಲ್ಲರಿ.”

“ಮೊದಲ ಬಾರಿಸಿದ್ದನ್ನ ಇಟ್ಟೀಯೇನು?”

“ಅಳಿಸೀನಿ. ಇಟ್ರ ಮತ್ತ ತಕರಾರು ತಗೀತಾರ.”

ಅಜ್ಜ ಕಣ್ಣು ಮುಚ್ಚಿದರು. ಧ್ಯಾನಕ್ಕಲ್ಲ. ಬಾಯಿಗೆ ಬಂದದ್ದನ್ನು ನುಂಗುವುದಕ್ಕೆ.

“ನಿನ್ನ ಡ್ರಮ್ಮು ಗೆರಿ ಮ್ಯಾಲೆ ಇತ್ತೇನು?” ಎಂದು ಕೇಳಿದರು, ಕಣ್ಣು ತೆರೆಯದೆ.

“ಸ್ವಲ್ಪ ಮುಂದ ಇತ್ರಿ.”

“ಅದನ್ನ ಎಳದೇನು?”

“ನಂದ್ಯಾಕ ಎಳೀಲಿ? ಅದು ಜೋಶ್ ರೀ.”

“ನಿಂದು ಜೋಶ್. ಅವಂದು ತಡಾ.”

“ಹೌದ್ರಿ,” ಎಂದ ಇಂದುಧರ. ಪಾಪ, ನಿಜವಾಗಿಯೂ ಹಾಗೇ ನಂಬಿದ್ದ.

“ಈ ಗೆರಿ ಎಳದವರ್ಯಾರು?”

“ಕಂಪ್ಯೂಟರ್.”

“ಅದು ನಿಮ್ಮ ಬ್ಯಾಂಡಿನ್ಯಾಗ ಐದನೇದಂವೇನು?”

ಇಂದುಧರ ಹೆಡ್‌ಫೋನನ್ನು ಅಜ್ಜನ ಕಿವಿಗೆ ಹಾಕಿದ. ರುಮಾಲಿನ ಮೇಲೆ ಅದು ಸರಿಯಾಗಿ ಕೂರಲಿಲ್ಲ. ಅಜ್ಜ ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಒಂದು ಹಾಡು ಪೂರ್ತಿ ಕೇಳಿದರು.

“ಅಚ್ಚುಕಟ್ಟ ಐತಿ.”

“ಹೌದಲ್ರಿ!”

“ನಮ್ಮೊಳಗ ಹೆಣಾನೂ ನೆಟ್ಟಗ ಕುಂದ್ರಸ್ತೀವಿ. ವಿಭೂತಿ ಹಚ್ಚಿ, ಹಾರ ಹಾಕಿ. ಭಾಳ ಅಚ್ಚುಕಟ್ಟ ಇರ್ತೈತಿ.”

ಇಂದುಧರನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ಅಳು. ಹಾಡು ಸತ್ತಿದೆ ಎಂದು ಅವನಿಗೂ ಗೊತ್ತಿತ್ತು. ಬ್ಯಾಂಡಿನ ಉಳಿದಿಬ್ಬರೂ ಅದನ್ನೇ ಹೇಳಿದ್ದರು. ಯಾಕೆ ಸತ್ತಿತು ಎಂಬುದು ಮಾತ್ರ ಯಾರಿಗೂ ತಿಳಿದಿರಲಿಲ್ಲ. ಎಲ್ಲ ಸರಿ ಮಾಡಿದ ಮೇಲೆ ಹಾಡು ಸಾಯುವುದೆಂದರೇನು?

ಫಕೀರೇಶ ಆ ಹಾಡನ್ನು ಅರ್ಧ ಕೇಳಿ, ಗಿಟಾರನ್ನು ಹೆಗಲಿಗೇರಿಸಿಕೊಂಡು ಎದ್ದು ಹೋಗಿದ್ದ. ತಾನು ಮೊದಲು ಬಾರಿಸಿದ್ದರ ಒಂದು ಪ್ರತಿ ಅವನ ಮನೆಯಲ್ಲಿತ್ತು. ಜಗತ್ತಿನಲ್ಲಿ ಈಗ ಉಳಿದದ್ದು ಅದೊಂದೇ. ಆಲ್ಬಮ್ ಹೊರಗೆ ಬರಬೇಕಾದ ದಿನಕ್ಕೆ ಇನ್ನು ಎರಡೇ ವಾರ.

“ಅದನ್ನ ಕೊಡು ಅಂತ ಕೇಳಿದೇನು?” ಎಂದರು ಅಜ್ಜ.

“ಉಳದವ್ರು ಕೇಳ್ಯಾರ. ‘ಎಳದಂವನ ಬಂದು ಕೇಳ್ಲಿ’ ಅಂದಾನಂತ.”

“ಮತ್ತ ಹೋಗು.”

“ನಾನ್ಯಾಕ ಹೋಗ್ಲಿ? ತಡಾ ಬಾರಿಸಿದಂವ ಆಂವ, ಹೋಗಿ ಕೈ ಮುಗಿಯಂವ ನಾನೇನು? ನೀವು ಒಂದ ಮಾತು ಹೇಳ್ರಿ. ನಿಮ್ಮ ಮಾತು ಮೀರಂಗಿಲ್ಲ ಆಂವ.”

“ಎಳದಂವ ನೀನು, ಫೋನ್ ಮಾಡಂವ ನಾನು. ಛಲೋ ಆತು.”

ಅಜ್ಜ ರುಮಾಲು ಸುತ್ತಿಕೊಂಡು ಎದ್ದರು.

“ಡೋಲಕಿ ಬಾರಸಂವ ಮಗಳ ಊರಿಗೆ ಹೋಗ್ಯಾನ. ನಾಲ್ಕ ದಿನ ಭಜನಿಗೆ ನೀ ಕುಂದ್ರು.”

“ಅಜ್ಜಾರ, ನನಗ ಇರೂದ ಎರಡ ವಾರ!”

“ಮೂವತ್ತು ದಿವಸ ಹಾಳ ಮಾಡೀ. ನಾಲ್ಕಕ್ಕ ಯಾಕ ಇಷ್ಟ ಒದ್ದಾಡ್ತಿ?”

ಆ ಮಠದಲ್ಲಿ ಗಡಿಯಾರ ಇರಲಿಲ್ಲ. ಸಂಜೆ ದೀಪ ಹಚ್ಚಿ, ಜೋಳದ ನುಚ್ಚಿನ ಗಡಿಗೆಯನ್ನು ಸಣ್ಣ ಉರಿಯ ಮೇಲೆ ಇಟ್ಟು, ಎಲ್ಲರೂ ಭಜನೆಗೆ ಕೂರುತ್ತಿದ್ದರು. ಏಳು ಪದ, ಕೊನೆಗೆ ಮಂಗಳಾರತಿ. ಮಂಗಳಾರತಿ ಮುಗಿಯುವುದಕ್ಕೂ ನುಚ್ಚು ಬೇಯುವುದಕ್ಕೂ ಸರಿಹೋಗುತ್ತಿತ್ತು. ಕೂಡಲೇ ತಾಟು ಹಾಕಿ ಬಡಿಸುವುದು. ಬೆಂದಿದೆಯೋ ಇಲ್ಲವೋ ಎಂದು ಮುಚ್ಚಳ ತೆಗೆದು ನೋಡುವ ಪದ್ಧತಿಯೇ ಇರಲಿಲ್ಲ.

ಗಡಿಗೆ ಇಡುವವಳು ಶಂಕ್ರವ್ವ, ಎಪ್ಪತ್ತು ದಾಟಿದ ಮುದುಕಿ. ಇಂದುಧರ ಮಠ ಬಿಟ್ಟು ಎಷ್ಟೋ ವರ್ಷಗಳ ಮೇಲೆ ಅಲ್ಲಿಗೆ ಬಂದು ಸೇರಿದವಳು. ಗಡಿಗೆ ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು, ಭಜನೆಯಲ್ಲಿ ಕಂಚಿನ ತಾಳ ಬಾರಿಸುತ್ತಿದ್ದಳು.

ಪ್ರತಿ ಪೆಟ್ಟೂ ತಡ.

ಮೊದಲನೆಯ ಸಂಜೆ ಇಂದುಧರ ಹಲ್ಲು ಕಡಿದ. ಅಲ್ಲೊಬ್ಬನನ್ನು ತಾಳಲಾರದೆ ಓಡಿ ಬಂದರೆ ಇಲ್ಲಿ ಇನ್ನೊಬ್ಬಳು!

ಎರಡನೆಯ ಸಂಜೆ ಡೋಲಕಿಯನ್ನು ಜೋರಾಗಿ ಬಡಿದು ಅವಳನ್ನು ಎಳೆದುಕೊಂಡು ಹೋಗಲು ನೋಡಿದ. ಅವಳ ಕಡೆ ತಿರುಗಿ ಕಣ್ಣು ಬಿಟ್ಟ. ಶಂಕ್ರವ್ವ ಬೊಚ್ಚುಬಾಯಿ ಬಿಟ್ಟು ನಕ್ಕಳು. ನಕ್ಕು, ಆಮೇಲೆ ತಾಳ ಹೊಡೆದಳು.

ಮೂರನೆಯ ದಿನ ಬೆಳಗ್ಗೆ ಅಜ್ಜ ಹೊಳೆಯಲ್ಲಿ ಧೋತರ ಒಗೆಯುತ್ತಿದ್ದರು. ಇಂದುಧರ ಅಲ್ಲಿಗೇ ಹೋದ.

“ಅಜ್ಜಾರ, ಶಂಕ್ರವ್ವ ತಡಾ ಬಾರಸ್ತಾಳ.”

“ಹೌದು.”

“ನಿಮಗ ಗೊತ್ತೈತೇನ್ರಿ?”

“ನನಗೂ ಎರಡು ಕಿವಿ ಅದಾವ.”

“ಮತ್ತ ಯಾಕ ತಿದ್ದಿಲ್ಲ?”

“ನೀ ತಿದ್ದು,” ಎಂದು ಅಜ್ಜ ಧೋತರ ಹಿಂಡಿದರು. “ನಿನಗ ರೂಢಿ ಐತಿ.”

ಇಂದುಧರ ಅದನ್ನು ಅಪ್ಪಣೆ ಎಂದುಕೊಂಡ. ಅಜ್ಜನ ಮುಖ ನೋಡಿದ್ದರೆ ಹಾಗೆಂದುಕೊಳ್ಳುತ್ತಿರಲಿಲ್ಲ. ಆದರೆ ಅವನಿಗೆ ಅವಸರ.

ಸಂಜೆ ಶಂಕ್ರವ್ವನ ಬಳಿ ಹೋಗಿ ಬೆಣ್ಣೆಯಂಥ ಮಾತಾಡಿದ.

“ಯವ್ವಾ, ದಿನಾ ತಾಳ ಹಿಡದು ಕೈ ನೋಯ್ತಿರಬೇಕು. ಇವತ್ತೊಂದಿನ ಸುಮ್ನ ಕುಂತು ಹಾಡ್ರಿ.”

“ನನಗೆಲ್ಲಿ ಹಾಡಾಕ ಬರ್ತೈತೋ ಯಪ್ಪಾ,” ಎಂದಳು ಅವಳು. ಆದರೂ ತಾಳ ಕೊಟ್ಟಳು. ಗಡಿಗೆ ಇಟ್ಟು ಬಂದು, ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಆ ಕೈಗಳನ್ನು ಏನು ಮಾಡಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಮೊದಲ ಪದ ಗೆರೆ ಎಳೆದ ಹಾಗೆ ಬಂತು. ಇಂದುಧರನ ಮೈ ಹಗುರವಾಯಿತು. ಎರಡನೆಯದು ಇನ್ನೂ ಚುರುಕು. ಅವನ ಕೈ ಮುಂದೆ ಓಡಿತು. ಹಾಡುವವರು ಕೈಯ ಬೆನ್ನು ಹತ್ತಿದರು. ಅವರು ಬೆನ್ನು ಹತ್ತಿದರೆಂದು ಕೈ ಇನ್ನಷ್ಟು ಓಡಿತು. ನಾಲ್ಕನೆಯ ಪದಕ್ಕೆ ಜನರಿಗೆ ಉಸಿರು ಸಾಲದಾಯಿತು. ಆರನೆಯದರಲ್ಲಿ ಅರ್ಧ ಮಾತು ನುಂಗಿದರು. ಏಳನೆಯದು ಭಜನೆಯೋ, ಹಿಂದೆ ನಾಯಿ ಬಿದ್ದವರ ಓಟವೋ, ಹೇಳುವುದು ಕಷ್ಟ. ಮಂಗಳಾರತಿಯ ದೀಪ ತಿರುಗಿದ ರಭಸಕ್ಕೆ ಒಮ್ಮೆ ಆರಿಯೂ ಹೋಯಿತು.

ಕೂಡಲೇ ತಾಟು ಹಾಕಿದರು. ನುಚ್ಚು ಬಡಿಸಿದರು. ಮಜ್ಜಿಗೆ ಹೊಯ್ದರು.

ಮೊದಲ ತುತ್ತಿಗೇ ಸಾಲಿನ ಉದ್ದಕ್ಕೂ ಕರಕರ ಸದ್ದು.

“ಏನಬೇ ಶಂಕ್ರವ್ವ,” ಎಂದು ಒಬ್ಬ ಮುದುಕ ಬಾಯಿಗೆ ಕೈ ಹಿಡಿದುಕೊಂಡು ಕೂಗಿದ. “ಹಸೀ ನುಚ್ಚು ಬಡಿಸೀಯಲ್ಲ!”

“ನಾ ದಿನದ ಹೊತ್ತಿಗೇ ಇಟ್ಟೀನಿ,” ಎಂದಳು ಶಂಕ್ರವ್ವ. “ನೀವ ಲಗೂನ ಮುಗಿಸೀರಿ.”

ಎಲ್ಲರೂ ಇಂದುಧರನ ಕಡೆ ತಿರುಗಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನನ್ನೇ ನೋಡುತ್ತ ಅಗಿದರು.

ಅವನು ಮೆಲ್ಲಗೆ ತಾಟು ಸರಿಸಿದ.

“ಉಣ್ಣು,” ಎಂದರು ಅಜ್ಜ. ಅವರಿಗೆ ಇದ್ದದ್ದೇ ನಾಲ್ಕು ಹಲ್ಲು. ಮಜ್ಜಿಗೆಯ ಜೊತೆ ನುಂಗುತ್ತಿದ್ದರು. “ಬಡಿಸಿದ್ದು ಬಿಡೂದು ಈ ಮಠದಾಗ ಇಲ್ಲ. ಪೂರಾ ಉಣ್ಣು.”

ಊಟವಾದ ಮೇಲೆ ಶಂಕ್ರವ್ವ ಬಾವಿಕಟ್ಟೆಯ ಹತ್ತಿರ ಗಡಿಗೆ ತಿಕ್ಕಲು ಕೂತಳು. ಇಂದುಧರ ಅವಳ ಕೈಯಿಂದ ಗಡಿಗೆ ಇಸಿದುಕೊಂಡು ತಾನೇ ತಿಕ್ಕತೊಡಗಿದ. ತಪ್ಪು ಮಾಡಿದವರಿಗೆ ಪಾತ್ರೆ ತಿಕ್ಕುವುದರಲ್ಲಿ ಒಂದು ಸಮಾಧಾನ ಇರುತ್ತದೆ.

“ಯವ್ವಾ, ಒಂದ ಮಾತು ಕೇಳ್ತೀನಿ. ಸಿಟ್ಟಾಗಬ್ಯಾಡ್ರಿ. ನೀವು ತಾಳ ಯಾಕ ತಡಾ ಹೊಡೀತೀರಿ?”

“ನಾನೇನು, ತಡಾ ಹೊಡೀತೀನಿ?” ಶಂಕ್ರವ್ವನಿಗೆ ಆಶ್ಚರ್ಯವಾಯಿತು. ಈ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ.

“ಸ್ವಲ್ಪ.”

“ಇದ್ದೀತು ಬಿಡು. ನೀ ಹೊಡೀತಿ. ನಾ ಕೇಳ್ತೀನಿ. ಕೇಳಿ ಹೊಡೀತೀನಿ.” ಅವಳು ಬೂದಿಯನ್ನು ಅವನ ಕಡೆ ಸರಿಸಿದಳು. “ಕೇಳೂಕಿಂತ ಮೊದ್ಲ ಹೆಂಗ ಹೊಡೀಲೋ ಯಪ್ಪಾ?”

ಗಡಿಗೆಯೊಳಗೆ ಇಂದುಧರನ ಕೈ ನಿಂತಿತು.

ಹನ್ನೊಂದು ವರ್ಷ. ಫಕೀರೇಶ ತಡ ಮಾಡುತ್ತಿರಲಿಲ್ಲ. ಇವನನ್ನು ಕೇಳುತ್ತಿದ್ದ. ಎಷ್ಟೋ ಊರುಗಳಲ್ಲಿ, ಎಷ್ಟೋ ವೇದಿಕೆಗಳ ಮೇಲೆ, ಒಂದೊಂದು ಪೆಟ್ಟನ್ನೂ ಕೇಳಿ, ಆಮೇಲೆ ತಂತಿ ಮುಟ್ಟುತ್ತಿದ್ದ. ಮೂವತ್ತು ದಿನ ಬಾಗಿಲು ಹಾಕಿಕೊಂಡು ಕೂತು ಇಂದುಧರ ಎಳೆದು ಅಳಿಸಿದ್ದು ಅದನ್ನೇ.

ಅವನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಗಡಿಗೆಯ ಬುಡ ತೂತಾಗುವ ಹಾಗೆ ತಿಕ್ಕಿದ.

ಬೆಳಗ್ಗೆ ಅಜ್ಜನ ಮುಂದೆ ನಿಂತ.

“ಅಜ್ಜಾರ, ನೀವು ಫೋನ್ ಮಾಡೂದು ಬ್ಯಾಡ. ನಾನ ಹೋಗ್ತೀನಿ.”

“ನಾಲ್ಕ ದಿನ ಆಗಿಲ್ಲಲ್ಲ?”

“ಇವತ್ತ ತಾಳ ಶಂಕ್ರವ್ವನ ಕೈಯಾಗ ಕೊಡ್ರಿ. ಡೋಲಕಿ ಇಲ್ದಿದ್ರೂ ನಡೀತೈತಿ.”

ಅಜ್ಜ ಅವನನ್ನು ಮೇಲಿಂದ ಕೆಳಗೆ ನೋಡಿದರು.

“ಹೋಗಿ ಫಕೀರೇಶಗ ಏನಂತಿ?”

“ತಪ್ಪಾತು ಅಂತೀನಿ.”

“ಆಮ್ಯಾಲೆ?”

“ಆಮ್ಯಾಲೆ, ಯಾಕ ಹಂಗ ಮಾಡ್ದೆ ಅಂತ ಬಿಡಿಸಿ ಹೇಳ್ತೀನಿ.”

“ಏನೂ ಹೇಳಬ್ಯಾಡ!” ಅಜ್ಜ ಗದರಿದರು. “ತಪ್ಪಾತು ಅಂದು ಬಾಯಿ ಮುಚಗೊಂಡು ಕುಂದ್ರು. ಆಂವ ಮಾತಿನ್ಯಾಗೂ ತಡಾ. ನಡುವ ಬಾಯಿ ಹಾಕಿದಿ ಅಂದ್ರ ಮತ್ತ ಇಲ್ಲಿಗೆ ಬರಬ್ಯಾಡ.”

ಎರಡು ತಿಂಗಳ ಮೇಲೆ ಅದೇ ಮೋಟರ್‌ಸೈಕಲ್ ಬಂದು ಅದೇ ಅಂಗಳದಲ್ಲಿ ನಿಂತಿತು. ಇಂದುಧರನ ಮುಖ ಮೊದಲಿಗಿಂತ ಕೆಟ್ಟಿತ್ತು.

ಅಜ್ಜ ದೂರದಿಂದಲೇ ನೋಡಿ “ಶಿವನೇ” ಎಂದರು.

“ಅಜ್ಜಾರ, ನಾ ಹೋಗಿದ್ದೆ.”

“ಏನಂದ?”

“ಮೊದ್ಲ ಏನೂ ಅನ್ನಲಿಲ್ಲ. ಕಟ್ಟಿ ಮ್ಯಾಲೆ ಕುಂತ್ವಿ. ನನ್ನ ನೆರಳು ಈ ಕಡಿಂದ ಆ ಕಡಿಗೆ ಹೋತು, ಆಂವ ಬಾಯಿ ಬಿಡಲಿಲ್ಲ. ನಾ ನಾಲಿಗಿ ಕಚ್ಚಿಕೊಂಡು ಕುಂತಿದ್ದೆ. ಆಮ್ಯಾಲೆ ಶುರು ಮಾಡಿದ ನೋಡ್ರಿ. ಹನ್ನೊಂದು ವರ್ಷದ್ದು ಎಲ್ಲಾ ಹೇಳಿದ. ನನಗ ಗೊತ್ತ ಇರಲಿಲ್ಲ, ಆಂವ ಅಷ್ಟ ಮಾತಾಡ್ತಾನಂತ.”

“ಕೊಟ್ಟನೇನು?”

“ಕೊಟ್ಟ. ಒಂಬತ್ತ ಹಾಡಿನ್ಯಾಗ ಅವನ ಸ್ವರ ಎಲ್ಲಿದ್ವೋ ಅಲ್ಲೇ ತಿರುಗಿ ಇಟ್ವಿ. ಹತ್ತನೇದು ಹೊಸದಾಗಿ ಬಾರಿಸಿದ್ವಿ. ಒಂದ ಖೋಲ್ಯಾಗ ನಾಲ್ಕೂ ಮಂದಿ, ಒಬ್ಬರ ಮಾರಿ ಒಬ್ಬರು ನೋಡಿಕೋತ. ಗೆರಿ ಇಲ್ಲ, ಏನಿಲ್ಲ.”

“ಹೆಂಗಾತು?”

ಇಂದುಧರ ಅಂಗಳದ ಕಟ್ಟೆಯ ಮೇಲೆ ಕೂತ.

“ಅಂಥಾದ್ದು ನಾವು ಯಾವತ್ತೂ ಬಾರಿಸಿಲ್ಲ ಅಜ್ಜಾರ.”

“ಮತ್ತ್ಯಾಕ ಮಾರಿ ಹಿಂಗ ಮಾಡೀ?”

“ಬ್ಯಾಂಡ್ ಒಡೀತಲ್ರಿ!”

“ಒಡೀಬೇಕಂತ ನೀವ ಮಾತಾಡಿದ್ರಿ.”

“ಮಾತಾಡಿದ್ವಿ. ಆದ್ರ ಹಂಗ ಬಾರಿಸಿದ ಮ್ಯಾಲೂ ಒಡೀಬೇಕೇನ್ರಿ? ಆಲ್ಬಮ್ ಹೊರಗ ಬಂದ ದಿನ ಎಲ್ಲಾರೂ ಕೂಡಿ ಉಂಡ್ವಿ. ಫಕೀರೇಶ ನನ್ನ ಅಪ್ಪಿಕೊಂಡ. ಮರುದಿನ ಬೀದರಕ್ಕ ಹೋದ, ಅಲ್ಲಿ ಸಾಲಿ ಹುಡುಗರಿಗೆ ಗಿಟಾರ್ ಕಲಸ್ತಾನಂತ. ಉಳದಿಬ್ರೂ ಹಂಗ, ಒಬ್ರು ಒಂದೊಂದ ದಿಕ್ಕಿಗೆ. ನನಗ ಕೇಳೂದು ತಿಳಿಯೂದಕ್ಕೂ ಬ್ಯಾಂಡ್ ಮುಗಿಯೂದಕ್ಕೂ ಸರಿ ಆತು. ಇದೆಂಥಾ ನ್ಯಾಯ ಅಜ್ಜಾರ? ನಿಮ್ಮ ಮಾತು ಕೇಳದ ಇದ್ದಿದ್ರ ಜಗಳಾಡಿಕೊಂಡು ಬಿಡ್ತಿದ್ದೆ. ಇಷ್ಟ ಸಂಕಟ ಇರ್ತಿರಲಿಲ್ಲ.”

ಹೊತ್ತು ಮುಳುಗುತ್ತಿತ್ತು. ಶಂಕ್ರವ್ವ ಒಲೆಯ ಮುಂದೆ ಕೂತು ನುಚ್ಚು ತಿರುವುತ್ತಿದ್ದಳು.

“ಹಚ್ಚು ಆ ಹತ್ತನೇ ಹಾಡು,” ಎಂದರು ಅಜ್ಜ.

ಇಂದುಧರ ಫೋನನ್ನು ಕಟ್ಟೆಯ ಮೇಲಿಟ್ಟು ಹಚ್ಚಿದ. ಡ್ರಮ್ಮಿನ ಒಂದು ಪೆಟ್ಟು. ಅದರ ಹಿಂದೆ, ಅರ್ಧ ಪಿ‍ಳಕಿನಷ್ಟು ಹಿಂದೆ, ಗಿಟಾರಿನ ಒಂದು ಸ್ವರ. ಮತ್ತೆ ಪೆಟ್ಟು. ಮತ್ತೆ ಸ್ವರ.

ಶಂಕ್ರವ್ವನ ಕೈಯ ಸವಟು ಗಡಿಗೆಯಲ್ಲೇ ನಿಂತಿತು. ಹಾಡು ಮುಗಿಯುವ ತನಕ ಅವಳು ಅಲ್ಲಾಡಲಿಲ್ಲ.

“ಯಪ್ಪಾ, ಆ ತಂತಿ ಮೀಟಂವ ಯಾರೋ?” ಎಂದಳು. “ಛಲೋ ಕೇಳ್ತಾನ.”

ಇಂದುಧರ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

“ಮುಗದೋತಲ್ರಿ ಅಜ್ಜಾರ,” ಎಂದ. “ಎಲ್ಲಾ ಮುಗದೋತು.”

ಶಂಕ್ರವ್ವ ಗಡಿಗೆಯ ಮುಚ್ಚಳ ಮುಚ್ಚಿ, ಸೆರಗಿಗೆ ಕೈ ಒರೆಸಿಕೊಂಡು, ತಾಳ ತರಲು ಒಳಗೆ ಹೋದಳು. ಅಜ್ಜ ಸಾಕಾಗಿಹೋದವರ ಹಾಗೆ ಉಸಿರು ಬಿಟ್ಟು, ಡೋಲಕಿಯನ್ನು ಶಿಷ್ಯನ ತೊಡೆಯ ಮೇಲೆ ಇಟ್ಟರು.

“ಭಜನಿ ಅಂದ ಮ್ಯಾಲೆ ಮುಗೀತೈತೋ ತಮ್ಮಾ. ನುಚ್ಚು ಬೆಂದಿತ್ತೋ ಇಲ್ಲೋ, ಅಷ್ಟ ಹೇಳು.”